ಒಂದು ಕೋಳಿ, ಮೂವತ್ತು ಲೋಟ

ಗ್ರೂನಾಳ ಬಗ್ಗೆ ಯಾರೂ ಬರೆದಿಲ್ಲ. ಬರೆಯುವಂಥದ್ದು ತಾನೇನೂ ಮಾಡಿಲ್ಲ ಎಂದು ಅವಳೇ ಹೇಳುತ್ತಾಳೆ. ಆದರೂ ಅವಳ ಕಥೆ ಹೇಳಬೇಕು. ಮಗಳ ಸಂಬಂಧ ಕೈತಪ್ಪುವ ಹೊತ್ತಿನಲ್ಲಿ, ಬೀಗರ ಎದುರಿಗೆ ನಿಂತು, ಸಾರಿಗೆ ಎಷ್ಟು ನೀರು ಹೊಯ್ದೆ ಎಂದು ನಿಜ ಹೇಳಿದ ಹೆಂಗಸು ಅವಳು. ಬಂಗಾರ ಕದ್ದೆ ಎಂದು ಒಪ್ಪಿಕೊಳ್ಳುವವರು ಎಲ್ಲಾದರೂ ಸಿಕ್ಕಾರು. ಸಾರಿಗೆ ನೀರು ಹೊಯ್ದೆ ಎಂದು ಒಪ್ಪುವ ಮನೆಯೊಡತಿ ಸಿಗುವುದು ಕಷ್ಟ.

ಆಂಟ್ವೆರ್ಪಿನ ರೈಲ್ವೆ ನಿಲ್ದಾಣದ ಹಿಂದೆ ನಮ್ಮ ಯೆಹೂದಿ ಬೀದಿಗಳಿವೆ. ಅಲ್ಲೇ ಒಂದು ಮೂರನೇ ಮಹಡಿಯಲ್ಲಿ ಗ್ರೂನಾ, ಅವಳ ಗಂಡ ಲೈಬಿಷ್, ಮಗಳು ಟೊಯ್ಬಾ ಇದ್ದರು. ಲೈಬಿಷ್ ಪ್ಯಾಂಟು ಇಸ್ತ್ರಿ ಮಾಡುವವನು. ಗ್ರೂನಾ ಏನನ್ನೂ ಎಸೆಯದವಳು. ಬಿಸಿನೀರಿಗೆ ಅದ್ದುವ ಒಂದು ಚಹಾ ಪೊಟ್ಟಣದಲ್ಲಿ ಮೊದಲ ಲೋಟ ಗಂಡನಿಗೆ, ಎರಡನೆಯದು ತನಗೆ, ಕೊನೆಗೆ ಉಳಿದ ಸೊಪ್ಪು ಕಿಟಕಿಯ ಕುಂಡಕ್ಕೆ. ಗಂಡನ ಅಂಗಿಯ ಕಾಲರು ಸವೆದರೆ ಬಿಚ್ಚಿ, ತಿರುಗಿಸಿ ಹೊಲಿಯುತ್ತಿದ್ದಳು. ಆ ಕಡೆಯೂ ಸವೆದರೆ ಅಂಗಿ ದಿಂಬಿನ ಚೀಲವಾಗುತ್ತಿತ್ತು, ಆಮೇಲೆ ನೆಲ ಒರೆಸುವ ಬಟ್ಟೆ. ಒಂದು ಸಲ ಲೈಬಿಷ್ ನೆಲ ಒರೆಸುವಾಗ ಬಟ್ಟೆ ನೋಡಿ, ಇದು ನಮ್ಮ ಮದುವೆಯ ಅಂಗಿ ಅಲ್ಲವೇ ಎಂದು ಕೇಳಿದ್ದ. ಹೌದು, ಇನ್ನೂ ಗಟ್ಟಿಯಾಗಿದೆ ಎಂದು ಅವಳು ಹೆಮ್ಮೆಯಿಂದ ಹೇಳಿದ್ದಳು.

ಅವಳ ತಾಯಿ ಯುದ್ಧದಲ್ಲಿ ಇಡೀ ಕುಟುಂಬ ಹೋಗಿ ಒಬ್ಬಳೇ ಉಳಿದು ಬಂದವಳು. ಆಲೂಗಡ್ಡೆ ಸಿಪ್ಪೆ ಎಸೆಯುವುದನ್ನು ಕಂಡರೆ ಆ ಮುದುಕಿ ಅಳುತ್ತಿದ್ದಳು. ಗ್ರೂನಾ ಕಲಿತದ್ದು ಆ ಅಡುಗೆಮನೆಯಲ್ಲಿ.

ವಾರಕ್ಕೊಂದು ಕೋಳಿ. ಕೊಬ್ಬು ಕಾಯಿಸಿ ಡಬ್ಬಿಗೆ ತುಂಬುವಳು. ಚರ್ಮ ಗರಿಗರಿ ಹುರಿಯುವಳು. ಕತ್ತಿನ ತೊಗಲಿಗೆ ಹಿಟ್ಟು, ಈರುಳ್ಳಿ ತುಂಬಿ ಸೂಜಿಯಲ್ಲಿ ಹೊಲಿಯುವಳು. ಕಾಲು ಶನಿವಾರದ ಹುರುಳಿಕಾಯಿ ಬೀಜದ ಪಾತ್ರೆಗೆ, ಎದೆ ಸೋಮವಾರಕ್ಕೆ. ಇಷ್ಟೆಲ್ಲ ಆದಮೇಲೆ ಶುಕ್ರವಾರ ರಾತ್ರಿಯ ಸಾರಿಗೆ ಸಿಗುತ್ತಿದ್ದದ್ದು ಬೆನ್ನೆಲುಬು, ರೆಕ್ಕೆ, ಪಾದ. ಮನೆಗೆ ಒಬ್ಬ ಅತಿಥಿ ಹೆಚ್ಚಾದರೆ ಇನ್ನಷ್ಟು ನೀರು. ಗ್ರೂನಾಳ ಪಾತ್ರೆಯಲ್ಲಿ ಕೋಳಿ ಬೇಯುವುದಿಲ್ಲ, ಕಾಲು ತೊಳೆದುಕೊಂಡು ಹೋಗುತ್ತದೆ ಎಂದು ಮೀನಂಗಡಿಯಲ್ಲಿ ಹೆಂಗಸರು ಆಡಿಕೊಳ್ಳುತ್ತಿದ್ದರು. ಅವಳು ಕೇಳಿಸಿಕೊಂಡು, ಮೀನಿನ ತಲೆಗಳನ್ನು ಯಾರಾದರೂ ಬಿಟ್ಟುಹೋದರೆ ತನಗೆ ಕೊಡಿ ಎನ್ನುತ್ತಿದ್ದಳು.

ಟೊಯ್ಬಾಳಿಗೆ ಬ್ರಸೆಲ್ಸಿನ ಸಂಬಂಧ ಬಂತು. ಹುಡುಗ ಒಳ್ಳೆಯವನು, ಇಬ್ಬರಿಗೂ ಒಪ್ಪಿಗೆ. ಹುಡುಗನ ತಾಯಿ ಫ್ರಾಡಲ್‌ಗೆ ಮಾತ್ರ ಯಾರೋ ಕಿವಿಯಲ್ಲಿ ಊದಿದ್ದರು, ಅದು ಜಿಪುಣರ ಮನೆ, ಸೊಸೆ ಬಂದು ನಿನ್ನ ಮಗನನ್ನು ಒಣಗಿಸುತ್ತಾಳೆ ಎಂದು. ಅದಕ್ಕೆ ಫ್ರಾಡಲ್ ಒಂದು ಸಬ್ಬತ್ತಿಗೆ, ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗಿನ ನಮ್ಮ ವಿಶ್ರಾಂತಿಯ ದಿನಕ್ಕೆ, ಮನೆಯವರನ್ನೆಲ್ಲ ಕರೆದುಕೊಂಡು ಬಂದು, ಕಣ್ಣಾರೆ ನೋಡಿ, ಆಮೇಲೆ ಮಾತು ಕೊಡುತ್ತೇನೆ ಎಂದಳು.

ಗುರುವಾರ ಟೊಯ್ಬಾ ತಾಯಿಯ ಹತ್ತಿರ ಬಂದು ಕೂತಳು.

"ಅಮ್ಮಾ, ಇದೊಂದ್ಸಲ ಬೇರೆಯವ್ರ ಮನೇಲಿ ಮಾಡೋ ಹಾಗೆ ಮಾಡಮ್ಮ. ನಿನ್ನ ಕಾಲಿಗೆ ಬೀಳ್ತೀನಿ."

"ಮಾಡ್ತೀನಿ ಕಣೇ. ಎರಡು ಕೋಳಿ ತಂದಿದೀನಿ. ಫೋನಲ್ಲೂ ಹೇಳಿದೀನಿ ಅವ್ರಿಗೆ, ಎರಡು ಕೋಳಿ ಸಾರು ಅಂತ."

ಎರಡು ತಂದದ್ದು ನಿಜ. ಶುಕ್ರವಾರ ಬೆಳಿಗ್ಗೆ ಎದ್ದು ಅವಳು ಎರಡನ್ನೂ ಎದುರಿಗಿಟ್ಟುಕೊಂಡು ಬಹಳ ಹೊತ್ತು ನಿಂತಳು. ಎರಡನ್ನೂ ಪಾತ್ರೆಗೆ ಹಾಕಲು ಕೈ ಬರಲಿಲ್ಲ. ಒಂದು ಕೋಳಿ ಫ್ರಿಜ್ಜಿನ ಮೇಲಿನ ಗೂಡಿಗೆ ಹೋಯಿತು. ಇನ್ನೊಂದರ ಕೊಬ್ಬು ಡಬ್ಬಿಗೆ, ಕಾಲು ಶನಿವಾರಕ್ಕೆ, ಎದೆ ಸೋಮವಾರಕ್ಕೆ ಹೋದವು. ಉಳಿದದ್ದನ್ನು ತಾಯಿಯ ದೊಡ್ಡ ಪಾತ್ರೆಗೆ ಹಾಕಿ ಒಲೆ ಹಚ್ಚಿದಳು.

ಚಳಿಗಾಲ. ನಾಲ್ಕೂವರೆಗೆ ಸೂರ್ಯ ಮುಳುಗಿ ಸಬ್ಬತ್ ಶುರುವಾಗುವ ಮುನ್ನ ಅಡುಗೆ ಮುಗಿದು ಒಲೆ ಆರಬೇಕು. ಬೀಗರು ಎರಡು ಗಂಟೆಗೆ ಬಂದರು. ಹುಡುಗ, ಅವನ ಅಜ್ಜಿ, ತಾಯಿ ಫ್ರಾಡಲ್, ತಂದೆ ಬೆರೆಲ್. ಬೆರೆಲನ ಹೊಟ್ಟೆ ಮೊದಲು ಒಳಗೆ ಬಂತು, ಸ್ವಲ್ಪ ಹೊತ್ತಾದ ಮೇಲೆ ಬೆರೆಲ್ ಬಂದ.

ಗ್ರೂನಾ ಫ್ರಾಡಲ್‌ಗೆ ಕಾಫಿ ಕೊಟ್ಟಳು. ಪಕ್ಕದಲ್ಲಿ ಚಿಕ್ಕ ಜಗ್ಗಿನಲ್ಲಿ ಅಳೆದು ಅರ್ಧ ಲೋಟ ಹಾಲು. ಮೇಜಿನ ಹತ್ತಿರವೇ ಕುಡಿಯಿರಿ ಎಂದು ಹೇಳಿ, ಊಟದ ಮೇಜಿಗೆ ಬಟ್ಟೆ ಹಾಸಲು ಮುಂದಿನ ಕೋಣೆಗೆ ಹೋದಳು. ಅಡುಗೆಮನೆಯಲ್ಲಿ ಫ್ರಾಡಲ್ ಒಬ್ಬಳೇ. ಮೂಗು ಎಳೆದು ನೋಡಿದಳು, ಕೋಳಿಯ ವಾಸನೆ ಬರಲಿಲ್ಲ. ಎದ್ದಳು. ಹಾಲಿನ ಜಗ್ಗು ಕೈಯಲ್ಲೇ ಇತ್ತು. ಇನ್ನೊಂದು ಕೈಯಲ್ಲಿ ಮುಚ್ಚಳ ಎತ್ತಿ ಬಗ್ಗಿದಳು. ಆವಿ ಮುಖಕ್ಕೆ ಹೊಡೆಯಿತು, ಕೈ ಬೆಚ್ಚಿತು, ಹಾಲೆಲ್ಲ ಸಾರಿಗೆ ಬಿತ್ತು.

ಹಾಲು, ಮಾಂಸ ಕೂಡಿದರೆ ನಮ್ಮಲ್ಲಿ ತಿನ್ನುವಂತಿಲ್ಲ. ಎರಡಕ್ಕೂ ಪಾತ್ರೆ ಬೇರೆ, ಚಮಚ ಬೇರೆ. ಕೈಮೀರಿ ಬಿದ್ದರೆ ಒಂದು ದಾರಿ ಇದೆ. ಬಿದ್ದ ಹಾಲಿನ ಅರವತ್ತು ಪಟ್ಟು ಪಾತ್ರೆಯಲ್ಲಿ ಮೊದಲೇ ಇದ್ದರೆ ಆ ಹಾಲು ಇಲ್ಲವೆಂದೇ ಲೆಕ್ಕ. ಬಿದ್ದಮೇಲೆ ಬೇಕೆಂದೇ ನೀರು ಹೊಯ್ದು ಅರವತ್ತು ಮಾಡಿಕೊಳ್ಳಬಾರದು. ಇದು ಫ್ರಾಡಲ್‌ಗೆ ಚಿಕ್ಕಂದಿನಿಂದ ಗೊತ್ತು. ಆದರೆ ಗಾಬರಿಯಲ್ಲಿ ಅವಳು ಮಾಡಿದ್ದು ಅದನ್ನೇ. ನಲ್ಲಿ ಬಿಟ್ಟು, ಜಗ್ಗು ತುಂಬಿಸಿ, ಒಂದರ ಮೇಲೊಂದು ಹೊಯ್ದಳು. ನಲ್ಲಿಯ ಸದ್ದಿಗೆ ಗ್ರೂನಾ ಓಡಿಬಂದಳು. ಈ ಮನೆಯಲ್ಲಿ ನಲ್ಲಿ ಅಷ್ಟು ಹೊತ್ತು ಹರಿಯುವುದಿಲ್ಲ.

ಫ್ರಾಡಲ್ ಕೆಂಪಗಾಗಿ ನಿಂತಿದ್ದಳು. ಎಲ್ಲ ಒಪ್ಪಿಕೊಂಡಳು, ಮುಚ್ಚಳ ಯಾಕೆ ತೆಗೆದಳು ಎನ್ನುವುದೊಂದನ್ನು ಬಿಟ್ಟು.

ಕೆಳಗಿನ ಮನೆಯಲ್ಲೇ ನಮ್ಮ ಧರ್ಮಗುರು ರಬ್ಬಿ ಕಲ್ಮನ್ ಇದ್ದರು. ಲೈಬಿಷ್ ಓಡಿಹೋಗಿ ಕರೆತಂದ. ರಬ್ಬಿಗಳು ಪಾತ್ರೆ ನೋಡಿದರು. ಬೀಗಿತ್ತಿ ಎಷ್ಟು ಹೊಯ್ದಳೆಂದು ಅವಳಿಗೇ ಗೊತ್ತಿಲ್ಲ, ಆದ್ದರಿಂದ ಈಗ ಪಾತ್ರೆ ಅಳೆದು ಪ್ರಯೋಜನವಿಲ್ಲ ಎಂದರು. ಬಿದ್ದ ಹಾಲು ಅರ್ಧ ಲೋಟ. ಹಾಗಾದರೆ ಹಾಲು ಬೀಳುವ ಮುಂಚೆ ಪಾತ್ರೆಯಲ್ಲಿ ಮೂವತ್ತು ಲೋಟ ಇರಬೇಕು. ಇದ್ದರೆ ಉಣ್ಣಬಹುದು, ಇಲ್ಲದಿದ್ದರೆ ಚೆಲ್ಲಬೇಕು. ಅಷ್ಟು ಹೇಳಿ ರಬ್ಬಿಗಳು ಗ್ರೂನಾಳ ಮುಖ ನೋಡಿದರು. ಇಂಥ ಪ್ರಶ್ನೆಗೆ ಹೆಂಗಸರು ಯಾವತ್ತೂ ಹನ್ನೆರಡು, ಹದಿನೈದು ಲೋಟ ಅನ್ನುವವರು. ಎರಡು ಕೋಳಿಗೆ ಮೂವತ್ತು ಲೋಟ ಎಂದು ಯಾವ ಮಾನವಂತೆಯೂ ಹೇಳುವುದಿಲ್ಲ.

ಗ್ರೂನಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹದಿನೈದು ಎಂದರೆ ಮರ್ಯಾದೆ ಉಳಿಯುತ್ತದೆ, ಸಾರು ಬಚ್ಚಲಿಗೆ ಹೋಗುತ್ತದೆ. ನಿಜ ಹೇಳಿದರೆ ಸಾರು ಉಳಿಯುತ್ತದೆ, ಟೊಯ್ಬಾಳ ಮದುವೆ ಬಚ್ಚಲಿಗೆ. ಬಾಗಿಲಲ್ಲಿ ಟೊಯ್ಬಾ ನಿಂತು ಬೇಡ ಬೇಡ ಎಂದು ಕಣ್ಣಲ್ಲೇ ಹೇಳುತ್ತಿದ್ದಳು. ಅವಳ ಹಿಂದೆ ಬೆರೆಲ್ ಹೊಟ್ಟೆಯ ಮೇಲೆ ಕೈಯಿಟ್ಟು ಕಾಯುತ್ತಿದ್ದ. ಆದರೆ ಸುಳ್ಳು ಹೇಳಿ ಒಂದು ಪಾತ್ರೆ ಸಾರು ಚೆಲ್ಲುವುದೆಂದರೆ ಎರಡು ತಪ್ಪು ಒಟ್ಟಿಗೆ ಮಾಡಿದಂತೆ. ಗ್ರೂನಾಳ ಕೈಯಲ್ಲಿ ಒಂದೂ ಆಗುವಂಥದ್ದಲ್ಲ.

"ಬೆಳಿಗ್ಗೆ ಹದಿನಾರು ಲೋಟ ಹಾಕ್ದೆ, ರಬ್ಬಿಗಳೇ," ಎಂದಳು.

"ಸಾಲದಲ್ಲಮ್ಮ."

"ಹತ್ತು ಗಂಟೆಗೆ ಅಜ್ಜಿನೂ ಬರ್ತಾರೆ ಅಂತ ಫೋನ್ ಬಂತು. ಆಗ ನಾಲ್ಕು. ಆಮೇಲೆ ಇವ್ರು ಪ್ರಾರ್ಥನಾ ಮಂದಿರದಿಂದ ಒಬ್ಬ ಒಂಟಿ ಮುದುಕರನ್ನ ಊಟಕ್ಕೆ ಕರೆದ್ರು. ಅದಕ್ಕೆ ನಾಲ್ಕು. ಉಪ್ಪು ಜಾಸ್ತಿ ಆಯ್ತು, ಎರಡು."

"ಇಪ್ಪತ್ತಾರು. ಕೋಳಿನೂ ಲೆಕ್ಕಕ್ಕೆ ಬರುತ್ತೆ. ಎರಡು ಕೋಳಿ ಅಂದ್ರೆ..."

"ಎರಡಲ್ಲ." ಗ್ರೂನಾ ನೆಲ ನೋಡಿದಳು. "ಒಂದು. ಅದೂ ಪೂರ್ತಿ ಇಲ್ಲ. ಬೆನ್ನು, ರೆಕ್ಕೆ, ಪಾದ. ಕ್ಯಾರೆಟ್ಟು, ಈರುಳ್ಳಿ ಸೇರಿ ಎರಡು ಲೋಟ ಅನ್ಕೊಳ್ಳಿ."

ಫ್ರಾಡಲ್ ಉಸಿರು ಎಳೆದುಕೊಂಡದ್ದು ಎಲ್ಲರಿಗೂ ಕೇಳಿಸಿತು. ಟೊಯ್ಬಾ ಗೋಡೆಗೆ ಒರಗಿದಳು. ರಬ್ಬಿಗಳು ಗಡ್ಡ ನೀವಿಕೊಂಡು, ಇಪ್ಪತ್ತೆಂಟಾಯಿತು, ಆವಿಯಾಗಿ ಹೋದದ್ದಕ್ಕೆ ಒಂದು ಕಳೆದರೆ ಇಪ್ಪತ್ತೇಳು ಎಂದರು. ಇನ್ನೇನಾದರೂ ಹಾಕಿದ್ದು ನೆನಪಿದೆಯೇ ಎಂದು ಕೇಳಿದರು.

ನೆನಪಿತ್ತು. ಅದನ್ನು ಹೇಳುವುದಕ್ಕಿಂತ ನೆಲ ಬಿರಿದು ಒಳಗೆ ಸೇರಿಕೊಂಡರೆ ಚೆನ್ನಾಗಿತ್ತು.

"ಇನ್ನೂ ನಾಲ್ಕು ಹಾಕ್ದೆ," ಎಂದಳು ಗ್ರೂನಾ. "ಕಾಫಿ ಕೊಡೋಕೆ ಮುಂಚೆ."

"ಯಾತಕ್ಕಮ್ಮ?"

"ಬೀಗರು ಬಾಗಿಲಲ್ಲಿ ಬಂದ್ರಲ್ಲ. ಅವರ ಹೊಟ್ಟೆ ನೋಡಿದೆ."

ಬೆರೆಲ್ ತನ್ನ ಹೊಟ್ಟೆಯನ್ನೇ ಮೊದಲ ಸಲ ನೋಡುವವನಂತೆ ನೋಡಿಕೊಂಡ. ಆಮೇಲೆ ನಿಧಾನವಾಗಿ ಕೇಳಿದ.

"ನಾಲ್ಕೇನಾ? ನಮ್ಮನೇಲಿ ಇವಳು ಆರು ಹಾಕ್ತಾಳೆ."

ಫ್ರಾಡಲ್ ತಿರುಗಿ ಗಂಡನನ್ನು ನೋಡಿದ ನೋಟಕ್ಕೆ ಸಾರು ಇನ್ನೊಂದು ಕುದಿ ಬರಬಹುದಿತ್ತು. ಅವನು ಅದನ್ನು ಗಮನಿಸಲೇ ಇಲ್ಲ. ಮೂವತ್ತು ವರ್ಷದಿಂದ ತನ್ನ ಮನೆಯ ಸಾರಿನಲ್ಲಿ ಮುಖ ನೋಡಿಕೊಂಡೇ ಗಡ್ಡ ಬಾಚುತ್ತಿದ್ದೇನೆ ಎಂದು ರಬ್ಬಿಗಳಿಗೆ ವಿವರವಾಗಿ ಹೇಳತೊಡಗಿದ. ಮೊದಲು ನಕ್ಕವಳು ಮುಂದಿನ ಕೋಣೆಯಲ್ಲಿದ್ದ ಅಜ್ಜಿ. ನೀರು ಹಾಕುವುದನ್ನು ಸೊಸೆಗೆ ಕಲಿಸಿದವಳು ತಾನೇ ಎಂದು ಅಲ್ಲಿಂದಲೇ ಕೂಗಿ ಹೇಳಿದಳು.

"ಮೂವತ್ತೊಂದು," ಎಂದರು ರಬ್ಬಿ ಕಲ್ಮನ್. "ಸಾರು ಉಣ್ಣಬಹುದು. ನಿಮ್ಮ ನೀರು ಬೇಕಾಗೇ ಇರ್ಲಿಲ್ಲ ಫ್ರಾಡಲಮ್ಮ. ಇಲ್ಲಿ ಮೊದಲೇ ಬೇಕಾದಷ್ಟಿತ್ತು."

ಮೆಟ್ಟಿಲ ಹತ್ತಿರ ಹೋದವರು ತಿರುಗಿ ಬಂದು ಇನ್ನೊಂದು ಮಾತು ಸೇರಿಸಿದರು. ಗ್ರೂನಾ ಬೇರೆಯವರ ಹಾಗೆ ಅಡುಗೆ ಮಾಡಿದ್ದರೆ ಇವತ್ತು ಎಲ್ಲರೂ ಒಣ ರೊಟ್ಟಿ ತಿನ್ನಬೇಕಿತ್ತು ಎಂದರು.

ಆ ರಾತ್ರಿ ದೀಪ ಹಚ್ಚಿ, ಹಾಡಿ, ದ್ರಾಕ್ಷಾರಸಕ್ಕೆ ಹರಸಿ ಎಲ್ಲರೂ ಊಟಕ್ಕೆ ಕೂತರು. ಸಾರು ಬಡಿಸಿದ ಮೇಲೂ ತಟ್ಟೆಯ ತಳದ ನೀಲಿ ಹೂವು ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಪ್ರಾರ್ಥನಾ ಮಂದಿರದಿಂದ ಬಂದ ಮುದುಕ ಎರಡು ತಟ್ಟೆ ಕುಡಿದ. ಬೆರೆಲ್ ಐದು. ಫ್ರಾಡಲ್ ಮೊದಲ ತಟ್ಟೆ ಮುಗಿಸುವವರೆಗೆ ಯಾರ ಮುಖವನ್ನೂ ನೋಡಲಿಲ್ಲ. ಟೊಯ್ಬಾ ಚಮಚ ಹಿಡಿದು ಅವಳನ್ನೇ ನೋಡುತ್ತಿದ್ದಳು. ಕೊನೆಗೆ ಫ್ರಾಡಲ್ ಖಾಲಿ ತಟ್ಟೆ ಮುಂದೆ ಚಾಚಿದಳು.

"ಮುಚ್ಚಳ ತೆಗೆದದ್ದು ಕೋಳಿ ಇದೆಯಾ ನೋಡೋಕೆ, ಬೀಗಿತ್ತಿ. ಕಾಣ್ಲಿಲ್ಲ."

"ಅಡೀಲಿತ್ತು," ಎಂದಳು ಗ್ರೂನಾ.

"ಆ ಎರಡನೇ ಕೋಳಿ?"

"ಮೇಲಿನ ಗೂಡಲ್ಲಿದೆ. ಮದುವೆಗೆ."

"ಮದುವೆಗೆ ಇನ್ನೂರು ಜನ ಬರ್ತಾರೆ."

ಗ್ರೂನಾ ಸ್ವಲ್ಪ ಯೋಚಿಸಿದಳು. "ದೊಡ್ಡ ಪಾತ್ರೆ ತರಿಸೋಣ," ಎಂದಳು.

ಆಗ ಫ್ರಾಡಲ್ ನಕ್ಕಳು. ನಗುತ್ತಲೇ ಟೊಯ್ಬಾಳ ಕಡೆಗೆ ತಿರುಗಿ, ನಾಳೆ ಸಂಜೆ ಸಬ್ಬತ್ ಮುಗಿದ ತಕ್ಷಣ ತಟ್ಟೆ ಒಡೆಯೋಣ ಎಂದಳು. ನಿಶ್ಚಿತಾರ್ಥಕ್ಕೆ ಎರಡೂ ಕಡೆಯ ತಾಯಂದಿರು ಸೇರಿ ತಟ್ಟೆ ಒಡೆಯುವುದು ನಮ್ಮ ಪದ್ಧತಿ. ಟೊಯ್ಬಾ ಎದ್ದು ಅಡುಗೆಮನೆಗೆ ಓಡಿ, ಅಲ್ಲಿ ನಿಂತು ಅತ್ತಳು. ಗ್ರೂನಾ ಹಿಂದೆಯೇ ಹೋಗಿ ಅವಳ ತಲೆ ಸವರಿದಳು. ನಾಳೆಗೆ ಅಂಚು ಮುಕ್ಕಾದ ತಟ್ಟೆ ಒಂದಿದೆ, ಒಳ್ಳೇದನ್ನ ಯಾಕೆ ಒಡೀಬೇಕು ಎಂದು ಸಮಾಧಾನ ಹೇಳಿದಳು.

ಇದಾಗಿ ಇಪ್ಪತ್ತೈದು ವರ್ಷವಾಯಿತು. ಟೊಯ್ಬಾಳಿಗೆ ಆರು ಮಕ್ಕಳು. ಬೀಗಿತ್ತಿಯರು ವಾರಕ್ಕೆ ಎರಡು ಸಲ ಫೋನಿನಲ್ಲಿ ಮಾತಾಡುತ್ತಾರೆ. ಮೂರು ಸಲ ರಿಂಗಾಗಿ ನಿಂತರೆ ಬ್ರಸೆಲ್ಸಿನಲ್ಲಿ ಎಲ್ಲ ಕ್ಷೇಮ ಎಂದರ್ಥ, ಎತ್ತುವ ಅಗತ್ಯವಿಲ್ಲ. ಹೊಸದಾಗಿ ಮದುವೆಯಾದ ಹುಡುಗಿಯರು ಸಾರಿನಲ್ಲಿ ಹಾಲು ಬಿತ್ತು ಎಂದು ಓಡಿ ಬಂದರೆ ರಬ್ಬಿ ಕಲ್ಮನ್ ಮೊದಲು ಕೇಳುವುದು, ನೀರು ಗ್ರೂನಾಳ ಹಾಗೆ ಹಾಕಿದ್ದೀಯೋ, ಬೇರೆಯವರ ಹಾಗೋ ಎಂದು.

ನೀವು ಆಂಟ್ವೆರ್ಪಿನ ಕಡೆಗೆ ಹೋದರೆ ಗ್ರೂನಾಳನ್ನು ನೋಡಿ ಬನ್ನಿ. ನಿಲ್ದಾಣದ ಹಿಂದೆ ಯಾರನ್ನು ಕೇಳಿದರೂ ಮನೆ ತೋರಿಸುತ್ತಾರೆ. ಮೂರನೇ ಮಹಡಿ, ಲಿಫ್ಟ್ ಇಲ್ಲ, ನಿಧಾನವಾಗಿ ಹತ್ತಿ. ಬಾಗಿಲು ಅವಳೇ ತೆಗೆಯುತ್ತಾಳೆ. ಉಂಡು ಬಂದಿದ್ದೀರಾ ಎಂದು ಕೇಳಿದರೆ ಇಲ್ಲ ಎಂದೇ ಹೇಳಿ. ಹೌದು ಎಂದರೆ ಅವಳಿಗೆ ಬೇಜಾರಾಗುತ್ತದೆ.