ಮೂರು ಮೊಳದ ಹ್ಯಾಂಡಲ್

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಆದರೆ ಬೈಲಹೊಂಗಲದ ಪೇಟೆಯಲ್ಲಿದ್ದ ನನ್ನ ಸೈಕಲ್ ಅಂಗಡಿಯಿಂದ ಡೊಂಕು ಗಾಲಿ ಡೊಂಕಾಗಿಯೇ ಹೊರಗೆ ಹೋದದ್ದಿಲ್ಲ. ಇದು ಬಡಾಯಿಯಲ್ಲ, ಬೇಕಾದವರು ಕೇಳಿ ನೋಡಬಹುದು.

ಎಪ್ಪತ್ತರ ದಶಕದಲ್ಲಿ ನಾವು ಐದಾರು ಮಂದಿ ಸೇರಿ ಒಂದು ಸಂಘ ಕಟ್ಟಿದ್ದೆವು. ಸಂಗೊಳ್ಳಿಯ ಕಡೆಯಿಂದ ಬೈಲಹೊಂಗಲಕ್ಕೆ ಹೊಲಗಳ ಬದುವಿನ ಮೇಲೆ, ನಡೆಯುವವರಿಗೂ ಸೈಕಲ್ಲಿನವರಿಗೂ ಒಂದು ದಾರಿ ಮಾಡುವುದಷ್ಟೇ ಅದರ ಕೆಲಸ. ಸಂಬಳವಿಲ್ಲ, ಲಾಭವಿಲ್ಲ, ಆಸ್ತಿ ಎಂದರೆ ಒಂದು ರಬ್ಬರ್ ಸ್ಟಾಂಪು, ಅದೂ ಅಧ್ಯಕ್ಷರಾದ ಶಾಲೆಯ ಮಾಸ್ತರರ ಜೇಬಿನಲ್ಲಿ. ಮಳೆಗಾಲದಲ್ಲಿ ಎರೆಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಗಾಲಿ ತಿರುಗುತ್ತಿರಲಿಲ್ಲ. ಜನ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಬರುತ್ತಿದ್ದರು. ಅದಕ್ಕೇ ಒಂದು ಚಳಿಗಾಲವೆಲ್ಲ ಬುಟ್ಟಿಯಲ್ಲಿ ಗರಸು ಜಲ್ಲಿ ಹೊತ್ತು ಹಾಸಿದೆವು. ಎರಡೂ ಕಡೆಯಿಂದ ದಾರಿ ಬಂತು. ನಡುವೆ ಒಬ್ಬ ಅಜ್ಜನ ಹೊಲ ಉಳಿಯಿತು. ಅವನು ಒಪ್ಪದಿದ್ದರೆ ಅಷ್ಟೂ ದುಡಿಮೆ ಮಣ್ಣುಪಾಲು.

ಮಾಸ್ತರರು ಮೂರು ಸಲ ಹೋಗಿ ಬರೇ ಚಹಾ ಕುಡಿದು ಬಂದರು. ನಾಲ್ಕನೆಯ ಸಲ ನನ್ನನ್ನೂ ಕರೆದುಕೊಂಡು ಹೋದರು. ಅಜ್ಜ ಎಲೆ ಅಡಿಕೆ ಮೆಲ್ಲುತ್ತ, "ನಿಮ್ಮ ಸೈಕಲ್ಲಿನ ಹ್ಯಾಂಡಲ್ ಎಷ್ಟು ಅಗಲ ಐತಿ, ಅಷ್ಟ ಜಾಗಾ ಬಿಡತೇನಿ. ಒಂದು ಬಟ್ಟೂ ಹೆಚ್ಚಿಲ್ಲ," ಅಂದ.

ಆ ಅಗಲದಲ್ಲಿ ಎದುರಿಗೆ ಒಂದು ಆಡು ಬಂದರೂ ಸೈಕಲ್ ನಿಲ್ಲಬೇಕು. ಮಾಸ್ತರರ ಮುಖ ಸಣ್ಣದಾಯಿತು. ನನಗೆ ಮಾತ್ರ ಒಳಗೊಳಗೇ ನಗೆ. ಅಂಗಡಿಗೆ ಬಂದವನೇ ಹಳೆಯ ನೀರಿನ ಪೈಪೊಂದನ್ನು ಬಗ್ಗಿಸಿ, ಬೆಸೆದು, ಮೂರು ಮೊಳದ ಹ್ಯಾಂಡಲ್ ಮಾಡಿ ಸೈಕಲ್ಲಿಗೆ ಕೂಡಿಸಿದೆ. ಮರುದಿನ ಎರಡೂ ತೋಳು ಚಾಚಿ ಅದನ್ನು ಹಿಡಿದುಕೊಂಡು ಹೊರಟರೆ, ಬದನೆಕಾಯಿ ಮಾರುವ ಮುದುಕಿ, "ಯಾರನ್ನ ತಬ್ಬಿಕೊಳ್ಳಾಕ ಹೊಂಟೀಯೋ ಯಪ್ಪಾ?" ಎಂದು ಕೇಳಿದಳು. ಪೇಟೆಯ ಅರ್ಧ ಜನ ನನ್ನ ಬೆನ್ನಿಗೆ ಬಂದರು.

ಅಜ್ಜ ಹ್ಯಾಂಡಲ್ ನೋಡಿದ, ನನ್ನನ್ನು ನೋಡಿದ, ಎಲೆ ಉಗುಳಿದ. "ಶ್ಯಾಣ್ಯಾ ಅದಿ ತಮ್ಮಾ. ಆತು, ಮಾತು ಅಂದ್ರ ಮಾತು. ಆದರ ಇದನ್ನ ಹತ್ತಿ ಆ ಗಡಿಕಲ್ಲಿನ ತನಕಾ ಹೋಗಿ ತೋರಸು. ಎಲ್ಲಿ ಕಾಲು ಊರತಿ, ಅಲ್ಲಿಗೆ ದಾರಿ ಮುಗೀತು."

ಮಾಸ್ತರರು ಬೇಡವೆಂದು ನನ್ನ ಅಂಗಿ ಜಗ್ಗಿದರು. ಸೈಕಲ್ ಹತ್ತಬೇಡ ಎಂದರೆ ನಾನು ಯಾರ ಮಾತು ಕೇಳಲಿ? ಹತ್ತಿದೆ. ಹ್ಯಾಂಡಲ್ ಒಂದು ಗೇಣು ತಿರುಗಿಸಿದರೆ ಗಾಲಿ ಎರಡು ಬಟ್ಟು ತಿರುಗುತ್ತಿತ್ತು. ಬಲಕ್ಕೆ ಕುಸುಬೆಯ ಮುಳ್ಳು, ಎಡಕ್ಕೆ ಕಡಲೆ, ಹಿಂದೆ ಜನರ ಕೇಕೆ. ಅರ್ಧ ದಾಟಿದ ಮೇಲೆ ನನಗೇ ನಗು ತಡೆಯಲಾಗಲಿಲ್ಲ. ನಗುತ್ತ, ಹಾವಿನಂತೆ ಹರಿಯುತ್ತ ಅಜ್ಜನ ಕಣದ ಹತ್ತಿರ ಬಂದಾಗ ಹೊಳೆಯಿತು: ಹ್ಯಾಂಡಲ್ ಉದ್ದ ಮಾಡಿದ ನಾನು ಬ್ರೇಕ್ ಕೂಡಿಸಿಯೇ ಇರಲಿಲ್ಲ. ನೇರ ಹೊಟ್ಟಿನ ರಾಶಿಯೊಳಗೆ ಹೊಕ್ಕೆ. ತಲೆ ಕೆಳಗೆ, ಎರಡೂ ಕಾಲು ಆಕಾಶಕ್ಕೆ.

ಗಡಿಕಲ್ಲು ಇನ್ನೂ ನಾಲ್ಕು ಮಾರು ದೂರವಿತ್ತು. ಕೇಕೆ ನಿಂತಿತು. ರಾಶಿಯಿಂದ ಮುಖ ಹೊರಗೆ ಹಾಕಲು ನನಗೆ ನಾಚಿಕೆ. ಹೊತ್ತ ಬುಟ್ಟಿಗಳೆಲ್ಲ ಕಣ್ಣ ಮುಂದೆ ಬಂದವು. ಆಗ ಅಜ್ಜನ ದನಿ ಕೇಳಿತು, ನಗುವಿನಲ್ಲಿ ಅರ್ಧ ಮುಳುಗಿದ ದನಿ:

"ಮಾಸ್ತರ, ಬರಕೋರಿ. ತಲಿ ಊರ್ಯಾನ, ಕಾಲು ಊರಿಲ್ಲ."

ಹ್ಯಾಂಡಲ್ಲಿನ ಒಂದು ತುದಿ ಅವನು, ಇನ್ನೊಂದು ತುದಿ ನಾನು ಹಿಡಿದು ಸೈಕಲ್ಲನ್ನು ಗಡಿಕಲ್ಲಿನ ತನಕ ನಡೆಸಿಕೊಂಡು ಹೋದೆವು. ಜನ ಎರಡೂ ಬದಿಗೆ ಗೂಟ ಬಡಿಯುತ್ತ ಹಿಂದೆ ಬಂದರು.