ಕನ್ನಡದ ಭಿಕ್ಷುಕ ಬೇಕಾಗಿದ್ದಾನೆ

ರಸ್ತೆಯಲ್ಲಿ ಭಿಕ್ಷುಕರು ಎದುರಾದೊಡನೆ ನನಗೆ ಅಂಗಡಿಗಳ ಬೋರ್ಡು ಓದುವ ಆಸಕ್ತಿ ಹುಟ್ಟುತ್ತದೆ. ನೀವೂ ಇದೇ ಜಾತಿಯವರಿರಬಹುದು. ನಿಮ್ಮದು ಬೋರ್ಡಲ್ಲವಾದರೆ ಕೈಗಡಿಯಾರ, ಅದೂ ಇಲ್ಲವಾದರೆ ಆಕಾಶ. ಈ ಅಭ್ಯಾಸದಿಂದ ನನಗೊಂದು ಲಾಭವೂ ಆಗಿದೆ. ಕಾಸರಗೋಡಿನಲ್ಲಿ ಹುಟ್ಟಿ ಕನ್ನಡ ಶಾಲೆಯಲ್ಲಿ ಓದಿದ ನನಗೆ ಮಲಯಾಳ ಮಾತಾಡಲು ಬರುತ್ತಿತ್ತೇ ಹೊರತು ಅದರ ಅಕ್ಷರ ಗೊತ್ತಿರಲಿಲ್ಲ. ಕೇಂದ್ರ ಸರ್ಕಾರದ ನೌಕರಿ ನನ್ನನ್ನು ಮೊದಲು ಕೊಚ್ಚಿಗೆ, ಆಮೇಲೆ ತಿರುವನಂತಪುರಕ್ಕೆ ಎತ್ತಿ ಹಾಕಿತು. ಅಲ್ಲಿನ ಚಾಲೈ ಪೇಟೆಯಲ್ಲಿ ಉದ್ದಕ್ಕೂ ಭಿಕ್ಷುಕರಿದ್ದರು, ಉದ್ದಕ್ಕೂ ಬೋರ್ಡುಗಳಿದ್ದವು. ವರ್ಷ ತುಂಬುವುದರೊಳಗೆ ನಾನು ಮಲಯಾಳ ಪತ್ರಿಕೆ ಓದುವಷ್ಟು ಪಂಡಿತನಾದೆ. ಗುರುದಕ್ಷಿಣೆ ಮಾತ್ರ ಯಾರಿಗೂ ಕೊಡಲಿಲ್ಲ.

ಕೊಡಬಾರದೆಂಬ ಹಟವೇನೂ ಇರಲಿಲ್ಲ. ತೊಂದರೆ ಬಂದದ್ದು ಓದಿನಿಂದ. ಅಪಾತ್ರನಿಗೆ ದಾನ ಕೊಟ್ಟರೆ ಕೊಟ್ಟವನಿಗೇ ಪಾಪ ಎಂದು ಶಾಸ್ತ್ರ ಬಲ್ಲವರು ಹೇಳುತ್ತಾರೆ. ಕೊಟ್ಟರೆ ದೇಶದಲ್ಲಿ ಸೋಮಾರಿತನ ಬೆಳೆಯುತ್ತದೆ ಎಂದು ಅರ್ಥಶಾಸ್ತ್ರ ಬಲ್ಲವರು ಹೇಳುತ್ತಾರೆ. ಆ ದಿನಗಳಲ್ಲಿ ತಿರುವನಂತಪುರದ ಚಹದಂಗಡಿಗಳಲ್ಲಿ ಮೂರನೆಯ ಪಂಥವೊಂದು ಹುಟ್ಟಿತ್ತು. ಕೆಂಬಾವುಟದ ಹೊಸ ಸರ್ಕಾರ ಬಂದಿತ್ತು, ಎಲ್ಲಿ ಹೋದರೂ ಬಡವರ ಮಾತು. ಭಿಕ್ಷೆ ಹಾಕಿದರೆ ಕ್ರಾಂತಿ ತಡವಾಗುತ್ತದೆ ಎಂದು ನನ್ನ ಕಚೇರಿಯ ಗೆಳೆಯನೊಬ್ಬ ಪರಿಪ್ಪುವಡೆ ತಿನ್ನುತ್ತ ವಿವರಿಸಿದ. ಯಾವ ದಾರಿ ಹಿಡಿದರೂ, ಕೈ ಜೇಬಿನಲ್ಲೇ ಇರಬೇಕು ಎಂಬಲ್ಲಿಗೆ ಬಂದು ತಲುಪುತ್ತೇವೆ. ಇಷ್ಟೊಂದು ವಿದ್ವಾಂಸರು ಒಮ್ಮತಕ್ಕೆ ಬಂದ ವಿಷಯ ಬೇರೊಂದಿದೆಯೋ ನಾನರಿಯೆ.

ದಾನಕ್ಕೆ ಬಂದ ದನದ ಹಲ್ಲು ನೋಡಬಾರದು ಎಂಬ ಗಾದೆಯುಂಟಷ್ಟೆ. ಅದು ಪಡೆಯುವವನಿಗೆ ಹೇಳಿದ ಬುದ್ಧಿ. ಕೊಡುವವನು ಪಡೆಯುವವನ ಹಲ್ಲು ನೋಡಬಾರದೆಂದು ಯಾರೂ ಗಾದೆ ಕಟ್ಟಲಿಲ್ಲ. ಗಾದೆ ಕಟ್ಟಿದವರೆಲ್ಲ ಕೊಡುವ ಮನೆಯವರೇ ಇದ್ದಿರಬೇಕು.

ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಈ ಗೊಂದಲವಿರಲಿಲ್ಲ. ನಾನಲ್ಲಿದ್ದಾಗ ಕಂಡಂತೆ, ಗುಜರಾತಿಗಳ ಬಡವರನ್ನು ಗುಜರಾತಿಗಳು ನೋಡಿಕೊಳ್ಳುತ್ತಿದ್ದರು, ಕೊಂಕಣಿಗರ ಬಡವರನ್ನು ಕೊಂಕಣಿಗರು. ಒಂದೇ ಬೀದಿಯಲ್ಲಿ ಹತ್ತು ಭಾಷೆ, ಭಾಷೆಗೊಂದು ಧರ್ಮಕಾರ್ಯ. ಗುಜರಾತಿ ವರ್ತಕರಂತೂ, ತಮ್ಮವರಲ್ಲಿ ಬಡವರು ಸಾಲದೆ ಬಂದದ್ದರಿಂದಲೋ ಏನೋ, ಪಾರಿವಾಳಗಳಿಗೂ ಕಾಳು ಹಾಕುತ್ತಿದ್ದರು. ಇದನ್ನು ನೋಡಿ ನನಗೆ ಆಗಾಗ ಹೊಟ್ಟೆಕಿಚ್ಚಾಗುತ್ತಿತ್ತು. ಕನ್ನಡಿಗರಿಗೆ ತಮ್ಮದೆನ್ನುವ ಒಂದು ಪಾರಿವಾಳವೂ ಅಲ್ಲಿರಲಿಲ್ಲ.

ತಿರುವನಂತಪುರಕ್ಕೆ ಬಂದ ಮೇಲೆ ಒಂದು ಭಾನುವಾರ ನಮ್ಮ ಕನ್ನಡಿಗರ ಸಂಘದಲ್ಲಿ ಈ ಹೊಟ್ಟೆಕಿಚ್ಚನ್ನು ತೋಡಿಕೊಂಡೆ. ಸಂಘವೆಂದರೆ ಕೋಟೆಯ ಹತ್ತಿರದ ಓಣಿಯಲ್ಲೊಂದು ಬಾಡಿಗೆಯ ಕೋಣೆ. ಅದರಲ್ಲಿ ಒಂದು ಕೇರಂ ಬೋರ್ಡು, ಒಂದು ಹಾರ್ಮೋನಿಯಂ, ಬೀಗದ ಕೈ ಕಳೆದುಹೋದ ಒಂದು ಪುಸ್ತಕದ ಬೀರು. ಹಿಂದೆ ಇನ್ನೊಂದು ಸಣ್ಣ ಕೋಣೆ, ಖಾಲಿ. ಅಧ್ಯಕ್ಷರು ಮೈಸೂರಿನ ರಾಮರಾಯರು. ಕಚೇರಿಯಲ್ಲಿ ಅವರು ನನ್ನ ಮೇಲಧಿಕಾರಿಗಳೂ ಹೌದಾದ್ದರಿಂದ ಸಂಘದಲ್ಲಿ ಅವರು ಹೇಳಿದ್ದು ನನಗೆ ಬೇಗ ಅರ್ಥವಾಗುತ್ತಿತ್ತು. ಕಾರ್ಯದರ್ಶಿ ಧಾರವಾಡದ ಕುಲಕರ್ಣಿ, ಬ್ಯಾಂಕಿನವರು, ಯಾರು ಹೇಳಿದ್ದೂ ಅವರಿಗೆ ಬೇಗ ಅರ್ಥವಾಗುತ್ತಿರಲಿಲ್ಲ.

ರಾಮರಾಯರು ಕನ್ನಡಕ ತೆಗೆದು ಒರೆಸಿಕೊಂಡರು. “ಯೋಚನೆ ಚೆನ್ನಾಗಿದೆ. ಆದ್ರೆ ನೋಡಿ, ನಮ್ಮ ನಿಬಂಧನೆ ಪ್ರಕಾರ ಕನ್ನಡಿಗರಿಗೆ ಮಾತ್ರ ನಾವು ಸಹಾಯ ಮಾಡೋಕ್ಕಾಗೋದು. ಒಬ್ಬ ಕನ್ನಡದ ಭಿಕ್ಷುಕನ್ನ ಹುಡುಕಿ ಕರ್ಕೊಂಡ್ಬನ್ನಿ. ಮುಂದಿನದು ನಾನು ನೋಡ್ಕೋತೀನಿ.”

“ಈ ಊರಾಗ ಕನ್ನಡದಾಗ ಬೇಡಿದ್ರ ಯಾರ್ ಹಾಕ್ತಾರ್ರೀ?” ಎಂದರು ಕುಲಕರ್ಣಿ.

ಮಾತು ನಿಜವಾಗಿತ್ತು. ನಮ್ಮ ಸಂಘದವರು ಇಂಗ್ಲಿಷಿನಲ್ಲಿ ಸಂಬಳ ತೆಗೆದುಕೊಂಡು ವರ್ಷಗಟ್ಟಲೆ ಮಲಯಾಳ ಕಲಿಯದೆ ಕಾಲ ಹಾಕಬಹುದು, ಭಿಕ್ಷುಕನಿಗೆ ಆ ಸೌಕರ್ಯವಿಲ್ಲ. ಆದರೂ ಹುಡುಕುವ ಕೆಲಸ ನನ್ನ ತಲೆಗೇ ಬಂತು. ಸಲಹೆ ಕೊಟ್ಟವನ ತಲೆಗೇ ಕೆಲಸ ಕಟ್ಟುವುದು ಎಲ್ಲ ಸಂಘಗಳ ಅಲಿಖಿತ ನಿಬಂಧನೆ. ಹೀಗಾಗಿ ನಾನು ಬೋರ್ಡುಗಳಿಂದ ಕಣ್ಣು ಕೆಳಗಿಳಿಸಿ ಭಿಕ್ಷುಕರ ಮುಖ ನೋಡತೊಡಗಿದೆ. ಊರು ಯಾವುದು, ಮನೆಯಲ್ಲಿ ಯಾವ ಮಾತು ಎಂದು ವಿಚಾರಿಸಿದೆ. ಕೆಲವರು ಮಲಯಾಳದಲ್ಲಿ, ಕೆಲವರು ತಮಿಳಿನಲ್ಲಿ ಉತ್ತರ ಹೇಳಿದರು. ಹೆಚ್ಚಿನವರು ನನ್ನನ್ನು ಮಫ್ತಿಯ ಪೊಲೀಸನೆಂದು ತಿಳಿದು ಎದ್ದುಹೋದರು. ಒಬ್ಬ ಮಾತ್ರ, ಸಾರ್‌ಗೆ ಯಾವ ಭಾಷೆಯವನು ಬೇಕು ಎಂದು ಕೇಳಿದ. ವ್ಯಾಪಾರ ಬಲ್ಲವನು.

ಕೊನೆಗೆ ನನಗೆ ಸಹಾಯ ಮಾಡಿದ್ದು ಒಂದು ಹಸು. ಚಾಲೈಯ ಬೆಲ್ಲದಂಗಡಿಯೊಂದರ ಜಗಲಿಯ ಮೇಲೆ ಒಣಗಲು ಹಾಕಿದ್ದ ಪಂಚೆಯನ್ನು ಅದು ಜಗಿಯುತ್ತಿತ್ತು. ಪಂಚೆಯ ಯಜಮಾನ, ಬಿಳಿ ಗಡ್ಡದ ಮುದುಕ, ಓಡಿ ಬಂದು ಅದರ ಮೂರು ತಲೆಮಾರನ್ನು ಅಚ್ಚಗನ್ನಡದಲ್ಲಿ ಬೈದ. ಪರದೇಶದಲ್ಲಿ ಮನುಷ್ಯ ಬೇಡುವುದು ಯಾವ ಭಾಷೆಯಲ್ಲಾದರೂ ಇರಲಿ, ಬೈಯುವುದು ತಾಯಿನುಡಿಯಲ್ಲೇ. ನನಗಾದ ಆನಂದ ಹೇಳತೀರದು. ಹಸುವನ್ನು ಓಡಿಸುವುದನ್ನೂ ಮರೆತು ನಿಂತುಬಿಟ್ಟೆ.

ಅವನ ಹೆಸರು ದಾಸಪ್ಪ. ನಾಟಕದ ಕಂಪೆನಿಯೊಂದರಲ್ಲಿ ಪರದೆ ಎಳೆಯುತ್ತಿದ್ದವನು. ಕಂಪೆನಿ ಊರೂರು ತಿರುಗುತ್ತ ಈ ಕಡೆ ಬಂದು ಮುಳುಗಿದಾಗ ರಾಜರು, ಮಂತ್ರಿಗಳೆಲ್ಲ ಹೇಗೋ ರೈಲು ಹತ್ತಿದರು, ಪರದೆಯವನು ಉಳಿದುಕೊಂಡ. ಆ ಜಗಲಿಯಲ್ಲಿ ಅವನೊಡನೆ ನಾಣಿಯಮ್ಮ ಎಂಬ ಮುದುಕಿಯೂ ಇದ್ದಳು. ಆಕೆ ಅಲ್ಲಿಯವಳೇ, ಮಲಯಾಳ ಬಿಟ್ಟರೆ ಬೇರೆ ಮಾತು ತಿಳಿಯದು. ಸಂಜೆಯಾದರೆ ಆಕೆಗೆ ಕಣ್ಣು ಕಾಣುತ್ತಿರಲಿಲ್ಲ, ದಾಸಪ್ಪ ಕೈ ಹಿಡಿದು ನಡೆಸುತ್ತಿದ್ದ. ಗಂಜಿ ಕಾಯಿಸುವುದು ಆಕೆಯ ಪಾಲಿನ ಕೆಲಸ. ಮಳೆ ಹಿಡಿಯುವ ಮೊದಲು ಜಗಲಿ ಬಿಡಬೇಕು, ಬೆಲ್ಲದ ಮೂಟೆ ಇಡುವುದಕ್ಕುಂಟು ಎಂದು ಅಂಗಡಿಯವರು ಹೇಳಿದ್ದರು. ಇಬ್ಬರಿಗೂ ಅದೊಂದೇ ಚಿಂತೆ. ಮಳೆ ತರುವ ಇಡವ ಮಾಸ ಆಗಲೇ ಹೊಸ್ತಿಲಲ್ಲಿತ್ತು.

ಮುಂದಿನ ಭಾನುವಾರ ದಾಸಪ್ಪನನ್ನು ಸಂಘಕ್ಕೆ ಕರೆದೊಯ್ದೆ. ವರ್ಷಗಟ್ಟಲೆ ಪರದೆಯ ಮರೆಯಲ್ಲಿ ನಿಂತು ಕೇಳಿದ ಮಾತೇ ಅವನ ನಾಲಿಗೆಯಲ್ಲಿ ಉಳಿದಿತ್ತು. ಬಾಗಿಲಲ್ಲಿ ಕೈಮುಗಿದು, “ಸಭಾಸದರೆಲ್ಲರಿಗೂ ಈ ದೀನನ ವಂದನೆಗಳು” ಎಂದ. ಸಭೆ ಪುಲಕಗೊಂಡಿತು. ಸಂಘದಲ್ಲಿ ಅಷ್ಟು ಶುದ್ಧವಾದ ಕನ್ನಡವನ್ನು ಅದುವರೆಗೆ ಯಾರೂ ಆಡಿರಲಿಲ್ಲ.

ಇಂಥ ಕನ್ನಡ ಮೈಸೂರಿನದಲ್ಲದೆ ಬೇರೆಲ್ಲಿಯದೂ ಇರಲಾರದೆಂದು ರಾಮರಾಯರು ಕೂಡಲೇ ತೀರ್ಮಾನಿಸಿದರು. “ನಾಟಕದ ಕಂಪನಿ ಅಂದಮ್ಯಾಲ ನಮ್ಮ ಕಡಿಯಾಂವನ, ಅದರಾಗ ಎರಡು ಮಾತಿಲ್ಲ” ಎಂದರು ಕುಲಕರ್ಣಿ. ಅವನು ನಡುನಡುವೆ ಮಲಯಾಳ ಬೆರೆಸುತ್ತಿದ್ದುದನ್ನು ಗಮನಿಸಿ, ನಾನೂ ಕಾಸರಗೋಡಿನ ಪರವಾಗಿ ಒಂದು ಮಾತು ಹಾಕಿದೆ. ರಾಜ್ಯಗಳ ವಿಂಗಡಣೆಯಲ್ಲಿ ಊರನ್ನೇ ಕಳೆದುಕೊಂಡು ಕುಳಿತವರು ಒಬ್ಬ ಭಿಕ್ಷುಕನನ್ನಾದರೂ ಉಳಿಸಿಕೊಳ್ಳಬೇಡವೆ? ಚರ್ಚೆ ಕಾಫಿ ಮುಗಿಯುವವರೆಗೂ ನಡೆಯಿತು. ದಾಸಪ್ಪನನ್ನೇ ಕೇಳಿದಾಗ, ತಾನು ಕಣ್ಣು ಬಿಟ್ಟದ್ದೇ ಕಂಪೆನಿಯಲ್ಲಿ, ಡೇರೆ ಹೂಡಿದ್ದೇ ಊರು ಎಂದ. ಅವನಿಗೆ ಕಾಫಿ ಕೊಟ್ಟಿಲ್ಲವೆಂಬುದು ಆಗ ಯಾರಿಗೋ ನೆನಪಾಯಿತು.

ಅಂತೂ ಹಿಂದಿನ ಕೋಣೆಯನ್ನು ಅವನಿಗೆ ಕೊಡುವುದೆಂದು ಒಮ್ಮತದಿಂದ ಠರಾವಾಯಿತು. ರಾಮರಾಯರು ಅಭಿನಂದನೆಯ ನಗೆ ಬೀರಿದರು. ದಾಸಪ್ಪ ಕೈಮುಗಿದು, “ನಾಣಿಯಮ್ಮನೂ ಬರಬಹುದಲ್ಲ, ಪ್ರಭು?” ಎಂದ.

ನಾಣಿಯಮ್ಮ ಯಾರೆಂದು ನಾನು ಸಭೆಗೆ ವಿವರಿಸಬೇಕಾಯಿತು. ನಾಣಿಯಮ್ಮ ಕನ್ನಡತಿಯಲ್ಲ. ಆಕೆಗೆ ಕೋಣೆ ಕೊಟ್ಟರೆ ನಿಬಂಧನೆಗೆ ಭಂಗ. ಅವಳನ್ನು ಬಿಟ್ಟು ಬಾ ಎಂದರೆ ದಾಸಪ್ಪ, “ಸಂಜೆ ಮೇಲೆ ಅವಳಿಗೆ ಕಾಣಿಸೋದಿಲ್ಲ” ಎಂಬ ಒಂದೇ ಮಾತು ಹೇಳುತ್ತಾನೆ. ಅದರಲ್ಲಿ ನಾಟಕದ ಭಾಷೆ ಒಂದಿಷ್ಟೂ ಇರಲಿಲ್ಲ. ಆಗ ಕುಲಕರ್ಣಿಯವರಿಗೆ ಇನ್ನೊಂದು ನಿಬಂಧನೆ ಹೊಳೆಯಿತು. ಕನ್ನಡಿಗರ ಧರ್ಮಪತ್ನಿ ಯಾವ ಭಾಷೆಯವಳಾದರೂ ಕನ್ನಡತಿಯೆಂದೇ ತಿಳಿಯತಕ್ಕದ್ದು. ರಾಮರಾಯರ ಶ್ರೀಮತಿ ಪಾಲ್ಘಾಟಿನ ತಮಿಳರಾದ್ದರಿಂದ ಹಿಂದೆಂದೋ ಸೇರಿಸಿದ್ದು. ಇನ್ನು ತಿಳಿಯಬೇಕಾದದ್ದು ಒಂದೇ, ಅವರಿಬ್ಬರೂ ಗಂಡಹೆಂಡತಿಯೋ ಅಲ್ಲವೋ. ಅದನ್ನು ಕೇಳಿಕೊಂಡು ಬರುವ ಕೆಲಸ ನನಗೆ. ಹೆಂಗಸಿನ ವಿಷಯ, ಮನೆಯವರನ್ನೂ ಕರೆದುಕೊಂಡು ಹೋಗಿ ಎಂದು ರಾಮರಾಯರು ಸೂಕ್ಷ್ಮವಾಗಿ ಸೂಚಿಸಿದರು.

ನನ್ನಾಕೆ ಇದನ್ನು ಕೇಳಿ ಮೊದಲು ನಂಬಲಿಲ್ಲ. “ನಿಮಗೆ ಬೇರೆ ಎಂತ ಕೆಲಸ ಇಲ್ವಾ ಮಾರಾಯ್ರೆ? ಹೌದು, ಮದುವೆ ಆಗಿದೆ ಅಂತ ಹೇಳಿ ಬಿಡಿ. ಯಾರು ನೋಡ್ಲಿಕ್ಕೆ ಬರ್ತಾರೆ?” ಎಂದಳು. ಮೇಲಧಿಕಾರಿಗಳಿಗೆ ಸುಳ್ಳು ಹೇಳುವುದು ಹೇಗೆ ಎಂದೆ. “ರಜೆ ಬೇಕಾದಾಗ ಹೇಳುವ ಹಾಗೆ” ಎಂದಳು. ಕೊಡೆ ತೆಗೆದುಕೊಂಡು ಹೊರಟೆ, ಅವಳೂ ಬಂದಳು.

ನಾಣಿಯಮ್ಮ ಜಗಲಿಯ ಮೂಲೆಯಲ್ಲಿ ಕೂತು ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ನಾನು ಪೀಠಿಕೆ ಹಾಕಿ, ಸುತ್ತಿ ಬಳಸಿ, ಸಂಘದ ಘನತೆಯನ್ನೆಲ್ಲ ವರ್ಣಿಸಿ ವಿಷಯಕ್ಕೆ ಬಂದೆ. ಆಕೆ ಕೊನೆಯವರೆಗೂ ಕೇಳಿದಳು. ಆಮೇಲೆ ತನ್ನ ಮಲಯಾಳದಲ್ಲಿ ನಿಧಾನವಾಗಿ ಹೇಳಿದ್ದು ಇಷ್ಟು: “ಈ ಜಗಲಿಗೆ ಬಂದಾಗ ನೀನು ಯಾರೆಂದು ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಒಂದು ಕೋಣೆಗಾಗಿ ಈ ಮುದುಕನ ಹೆಂಡತಿ ಆಗಬೇಕೆ, ಸಾರೇ? ನನಗೂ ಗಂಡ ಅಂತ ಒಬ್ಬನಿದ್ದ. ಒಬ್ಬನೇ ಸಾಕಾಯಿತು.”

ಹಾಗೆ ಹೇಳಿದರೆ ಸಾಕು, ಆಗಬೇಕಾಗಿಲ್ಲ ಎಂದು ನನ್ನಾಕೆ ಸಮಾಧಾನ ಹೇಳಿದಳು. ನಾಣಿಯಮ್ಮ ತಲೆಯಲ್ಲಾಡಿಸಿದಳು. ಪೇಟೆಯವರೆಲ್ಲ ತನ್ನನ್ನು ಬಲ್ಲರಂತೆ, ಈ ವಯಸ್ಸಿನಲ್ಲಿ ನಗೆಪಾಟಲಾಗಲಾರಳಂತೆ. ದಾಸಪ್ಪ ಪಕ್ಕದಲ್ಲಿ ಕೂತು, ತನ್ನನ್ನು ನಿರಾಕರಿಸಿದ್ದಕ್ಕೆ ಒಂದಿಷ್ಟೂ ಬೇಸರವಿಲ್ಲದೆ ನಗುತ್ತಿದ್ದ. ಮಾನವೆಂಬುದು ಚಂದಾ ಕೊಡುವ ಸದಸ್ಯರಿಗೆ ಮಾತ್ರ ಸೇರಿದ್ದೆಂದು ನಮ್ಮ ಸಂಘ ತಿಳಿದಿತ್ತು. ನಾನೂ ಹಾಗೇ ತಿಳಿದಿದ್ದೆ. ಆ ಹೊತ್ತಿಗೆ ನನಗೆ ನಿಜವಾಗಿ ನಾಚಿಕೆಯಾಯಿತು.

ವರದಿ ಒಪ್ಪಿಸಿದೆ. ಸಂಘವೇನೂ ಕೈಕಟ್ಟಿ ಕೂರಲಿಲ್ಲ. ನಿಬಂಧನೆಯನ್ನು ತಿದ್ದಬಹುದೆ ಎಂದು ಪರಿಶೀಲಿಸಲು ಉಪಸಮಿತಿಯಾಯಿತು. ತಿದ್ದಲು ಸರ್ವಸದಸ್ಯರ ಸಭೆ ಬೇಕು, ಆ ಸಭೆ ಕೂಡುವುದು ದಸರೆಗೆ. ಅಲ್ಲಿಯವರೆಗೆ ಕೋಣೆ ಕೆಡಬಾರದೆಂದು ಸುಣ್ಣ ಹೊಡೆಸಿ ಬೀಗ ಹಾಕಿದರು. ಭಿಕ್ಷುಕರಿಗೆ ನೆರವಾಗುವುದು ಹೇಗೆ ಎಂಬ ವಿಷಯದ ಮೇಲೆ ರಾಮರಾಯರು ಅದೇ ತಿಂಗಳು ಒಂದು ಉಪನ್ಯಾಸವನ್ನೂ ಮಾಡಿದರು. ಬಹಳ ಚೆನ್ನಾಗಿತ್ತು. ವಂದನಾರ್ಪಣೆ ನನ್ನದು.

ಮಳೆಗೆ ಸರ್ವಸದಸ್ಯರ ಒಪ್ಪಿಗೆ ಬೇಕಾಗಿರಲಿಲ್ಲ. ಅದು ಬಂತು. ಬೆಲ್ಲದಂಗಡಿಯ ಜಗಲಿಗೆ ಮೂಟೆಗಳು ಬಂದವು. ನನ್ನಾಕೆ ವಿಚಾರಿಸುತ್ತ ಹೋಗಿ ಅವರಿಬ್ಬರನ್ನೂ ಪೇಟೆಯ ಕೊನೆಯಲ್ಲಿ, ಮುಚ್ಚಿಹೋದ ಉಗ್ರಾಣವೊಂದರ ಮುಂಗಟ್ಟಿನಲ್ಲಿ ಕಂಡಳು. ಮೇಲೆ ಹೆಂಚಿತ್ತು, ಮಳೆ ಹೊಡೆಯುವ ಪಡುವಣ ದಿಕ್ಕು ಮಾತ್ರ ಪೂರಾ ಬಯಲು. ನಿಮಗೆ ಎಂತ ಬೇಕು ಎಂದು ಅವಳು ಕೇಳಿದಳಂತೆ. ಸಂಘದ ಇಷ್ಟೆಲ್ಲ ಕಲಾಪದಲ್ಲಿ ಈ ಪ್ರಶ್ನೆ ಮಂಡನೆಯೇ ಆಗಿರಲಿಲ್ಲ. ತೆಂಗಿನ ಗರಿ ಹೆಣೆದ ತಟ್ಟಿ, ಕಟ್ಟಲು ಹುರಿಹಗ್ಗ, ಅಷ್ಟು ಸಾಕು ಎಂದರಂತೆ.

ಮರುದಿನ ಕಚೇರಿ ಬಿಟ್ಟು ನೇರವಾಗಿ ಹೋಗಿ ತಟ್ಟಿ ಕೊಂಡೆ. ನನ್ನಾಕೆ ಹಗ್ಗ ತಂದಿದ್ದಳು. ಕಟ್ಟಲು ನಾನೇ ಏಣಿಯಿಲ್ಲದೆ ಹತ್ತಿದೆ, ನನ್ನ ಗಂಟನ್ನು ನೋಡಿ ದಾಸಪ್ಪ ವಿನಯದಿಂದಲೇ ನನ್ನನ್ನು ಕೆಳಗಿಳಿಸಿದ. ಅವನು ಕಟ್ಟುತ್ತಿದ್ದ ಹಾಗೆಯೇ ಮಳೆ ಕವುಚಿಕೊಂಡು ಬಂತು. ನನಗೂ ನನ್ನಾಕೆಗೂ ನಡುವೆ ಇದ್ದದ್ದು ಒಂದು ಕೊಡೆ, ಅದು ಗಾಳಿಗೆ ತಿರುವುಮುರುವಾಗಿ ಕೈಬಿಟ್ಟಿತು. ಮುಂಗಟ್ಟಿನ ಹೊರಗೆ ನಿಂತು, ಒಳಗೆ ಹೋಗುವುದೋ ಬಿಡುವುದೋ ಎಂದು ನಾನು ಯೋಚಿಸುತ್ತಿದ್ದೆ. ಬೇರೆಯವರ ಮನೆ.

“ಕಯರಿ ಇರಿಕ್ಕ್, ಸಾರೇ,” ಹತ್ತಿ ಕೂತುಕೊಳ್ಳಿ ಎಂದಳು ನಾಣಿಯಮ್ಮ. ಕತ್ತಲಾಗಿತ್ತು, ಆಕೆಗೆ ನಾವು ಕಾಣುತ್ತಲೂ ಇರಲಿಲ್ಲ. ಸದ್ದಿನ ಮೇಲೆಯೇ ಅಂದಾಜು ಮಾಡಿ ಚಾಪೆಯ ತುದಿಗೆ ಸರಿದಳು. ದಾಸಪ್ಪ ಕಾಲು ಮಡಚಿಕೊಂಡು ಜಾಗ ಮಾಡಿದ. ನಮ್ಮ ಊರು ಯಾವುದು, ಮನೆಯಲ್ಲಿ ಯಾವ ಮಾತು ಎಂದು ಯಾರೂ ವಿಚಾರಿಸಲಿಲ್ಲ. ಜೊತೆಗಿದ್ದವಳು ನನ್ನ ಧರ್ಮಪತ್ನಿಯೇ ಎಂದೂ ಕೇಳಲಿಲ್ಲ. ಚಾಪೆ ಚಿಕ್ಕದಿತ್ತು, ನಾಲ್ವರೂ ಸ್ವಲ್ಪ ಸ್ವಲ್ಪ ನೆನೆದೆವು.