ಕೊನೆಯ ಬೆಂಚಿನ ಕೈ

ಆ ಶುಕ್ರವಾರ ನಾಟಕದ ತಾಲೀಮು ಎಂದಿನಂತೆಯೇ ನಡೆದಿತ್ತು. ಸುರಪುರದ ನಮ್ಮ ಶಾಲೆಯಲ್ಲಿ ನಾಟಕ ಕಲಿಸುತ್ತಿದ್ದ ಟೀಚರ್ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು. ನಮ್ಮ ಮಾತು ಅಲ್ಲಿಯವರೆಗೆ ಕೇಳಿಸಿದರೆ ಕೈ ಎತ್ತುತ್ತಿದ್ದರು. ನನ್ನದು ರಾಣಿಯ ಪಾತ್ರ. ಮನೆಯಲ್ಲಿ ದಖನಿ ಉರ್ದು ಆಡುವ ನನಗೆ, ಎಲ್ಲರೆದುರು ಕನ್ನಡ ಮಾತಾಡುವಾಗ ದನಿ ಸಣ್ಣದಾಗುತ್ತಿತ್ತು. ನನಗಾಗಿ ಆ ಕೈ ಒಮ್ಮೆಯೂ ಎದ್ದಿರಲಿಲ್ಲ.

“ಇನ್ನೂ ನನ್ನ ತನಕ ಬಂದಿಲ್ಲವ್ವ,” ಅಂದರು ಅಂದೂ.

“ರಾಣಿ ಬಾಯಾಗ ಕಡುಬು ಅದಾವ್ರಿ ಟೀಚರ್!” ಜೊತೆಯ ಹುಡುಗಿಯರು ನಕ್ಕರು.

“ನಗ್ರಿ, ನಗ್ರಿ. ಆಕಿ ಬಾಯಿ ಬಿಟ್ಟ ದಿನ ನೀವು ಕಿವಿ ಮುಚ್ಕೋತೀರಿ.”

ಮರುದಿನ ಅವರು ಬರಲಿಲ್ಲ. ರಾತ್ರಿ ಹೃದಯ ನಿಂತಿತ್ತು.

ತಿಂಗಳ ಬಳಿಕ ನಾಟಕವಾಡಿದೆವು. ಪರದೆಯ ಹಿಂದೆ ನನ್ನ ಕೈಯನ್ನು ಅದೇ ಹುಡುಗಿಯರು ಹಿಡಿದುಕೊಂಡಿದ್ದರು. ನನ್ನ ದನಿ ಗೇಟಿನವರೆಗೂ ಕೇಳಿಸಿತಂತೆ. ನಾನು ಕೊನೆಯ ಬೆಂಚನ್ನೇ ನೋಡುತ್ತಿದ್ದೆ. ಅಲ್ಲಿ ಕೈ ಏಳಲಿಲ್ಲ.